ಬಣ್ಣ, ಸುಣ್ಣ, ಮಣ್ಣು: ಕಲೆ ಬಲ್ಲವರ ಹಸಿರು ದುಡಿಮೆಗೆ ಏನು ಕೊರತೆ?

ಹಸಿರು ಉದ್ಯೋಗ ಎಂದರೆ ಸೌರಫಲಕ ಜೋಡಿಸುವವರು, ಗಾಳಿಯಂತ್ರ ದುರಸ್ತಿ ಮಾಡುವವರು, ಬ್ಯಾಟರಿ ವಾಹನದ ಮೆಕ್ಯಾನಿಕ್‌ಗಳು. ಉದ್ಯೋಗ ಮೇಳಗಳಲ್ಲಿ ಸಿಗುವ ಚಿತ್ರ ಇಷ್ಟೇ. ಚಿತ್ರ ಬರೆಯುವ, ನೇಯುವ, ಹೊಲಿಯುವ, ಮಣ್ಣು ಕಲಸಿ ಮೂರ್ತಿ ಮಾಡುವ ಹುಡುಗ ಹುಡುಗಿಯರನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಇಂಥ ಕೈಗುಣ ಇರುವವರಲ್ಲಿ ಅನೇಕರು ಓದು ಮುಗಿಸಿ ಪುಣೆಗೋ ಬೆಂಗಳೂರಿಗೋ ಹೋಗುತ್ತಾರೆ. ಊರಲ್ಲಿ ಉಳಿದವರಿಗೆ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರ್ ಮುಂದೆ ಕುಳಿತು ಹುಟ್ಟುಹಬ್ಬದ ಶುಭಾಶಯಕ್ಕೆ ಫೋಟೊ ಅಂಟಿಸುವ ಕೆಲಸ ಸಿಗುತ್ತದೆ.

ಇದು ನನಗೆ ಸಂಕಟ ತರುವ ಸಂಗತಿ. ಯಾಕೆಂದರೆ ಪರಿಸರಕ್ಕೆ ಹಿತವಾದ ಕಲೆಯ ದುಡಿಮೆಗೆ ಬೇಕಾದ ಸಾಮಗ್ರಿ, ಪರಂಪರೆಯ ತಿಳಿವಳಿಕೆ ಎರಡೂ ಈ ಮೂರು ಜಿಲ್ಲೆಗಳಲ್ಲಿ ಧಾರಾಳವಾಗಿವೆ. ಇಲ್ಲದಿರುವುದು ನಡುವಿನ ಕೆಲಸಗಳನ್ನು ಮಾಡುವವರು. ನೂಲಿಗೆ ಬಣ್ಣ ಕೊಡುವವರು, ಸುಣ್ಣ ಹದ ಮಾಡಬಲ್ಲವರು, ಸಾಮಗ್ರಿ ಎಲ್ಲಿಂದ ಬಂತು ಎಂದು ದಾಖಲೆ ಇಡುವವರು ಬೆರಳೆಣಿಕೆಯಷ್ಟು. ಅಂಥವರಿಗೆ ಹೊತ್ತಿಗೆ ಸರಿಯಾಗಿ ಮುಂಗಡ ಕೊಟ್ಟು ಕೆಲಸ ಹೇಳುವವರು ಅವರಿಗಿಂತ ಕಡಿಮೆ. ಹೊಸ ಉದ್ಯೋಗಗಳನ್ನು ಹುಡುಕಬೇಕಾದದ್ದು ಈ ಖಾಲಿ ಜಾಗದಲ್ಲಿ.

ಕೈಮಗ್ಗದಿಂದಲೇ ಶುರು ಮಾಡೋಣ. ಕೈಮಗ್ಗ ಎಂದ ಕೂಡಲೇ ಪರಿಸರಸ್ನೇಹಿ ಎಂಬ ಮುದ್ರೆ ಒತ್ತಿಬಿಡುವ ಅಭ್ಯಾಸ ಬೆಳೆದಿದೆ. ಮಗ್ಗಕ್ಕೆ ಕರೆಂಟು ಬೇಡ ಎಂಬುದು ನಿಜ. ಇಳಕಲ್ ಸೀರೆಯ ನೇಯ್ಗೆಯ ರೀತಿಯೇ ಅಪವ್ಯಯಕ್ಕೆ ವಿರುದ್ಧವಾದದ್ದು. ಒಡಲಿನ ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ, ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುವುದರಿಂದ ಹಾಸನ್ನು ಸೀರೆಗೆ ತಕ್ಕಂತೆ, ಆರು, ಎಂಟು ಅಥವಾ ಒಂಬತ್ತು ಗಜಕ್ಕೆ ಅಳೆದು ಸಿದ್ಧ ಮಾಡಬೇಕಾಗುತ್ತದೆ. ನೂರಾರು ಮೀಟರ್ ನೇಯ್ದು ಗೋದಾಮಿನಲ್ಲಿ ಒಟ್ಟುವ ಬಟ್ಟೆಯಲ್ಲ ಅದು. ಆದರೆ ಅದೇ ಸೀರೆಯ ಸೆರಗಿಗೆ ಈಗ ಬಹಳಷ್ಟು ಕಡೆ ರೇಷ್ಮೆಯ ಬದಲು ಚಮಕ ಎಂದು ಕರೆಯುವ ಕೃತಕ ರೇಷ್ಮೆ ಬಳಕೆಯಾಗುತ್ತದೆ. ಅದು ಮರದ ತಿರುಳಿನಿಂದ ಬಂದರೂ ತಯಾರಿಸುವಾಗ ಕಾರ್ಬನ್ ಡೈಸಲ್ಫೈಡ್ ಎಂಬ ವಿಷಕಾರಿ ದ್ರವ ಬೇಕು. ನೂಲಿಗೆ ಹಾಕುವ ಬಣ್ಣ ರಾಸಾಯನಿಕದ್ದು. ಬಣ್ಣದ ಮನೆಯಿಂದ ಹೊರಬರುವ ನೀರಿಗೆ ಶುದ್ಧೀಕರಣದ ವ್ಯವಸ್ಥೆ ಇಲ್ಲದಿದ್ದರೆ ಅದು ಸೇರುವುದು ಚರಂಡಿಯನ್ನು, ಅಲ್ಲಿಂದ ಹಳ್ಳವನ್ನು.

ನೇಯುವವರ ಸ್ಥಿತಿಯನ್ನೂ ಬದಿಗಿಡುವಂತಿಲ್ಲ. 2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದ ನೇಕಾರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ತಿಂಗಳಿಗೆ 5,000 ರೂಪಾಯಿಗಿಂತ ಕಡಿಮೆ ಗಳಿಸುತ್ತವೆ. ಮನೆಯೇ ನಡೆಯದ ಕಸುಬನ್ನು ಸುಸ್ಥಿರ ಎಂದು ಕರೆಯುವುದು ಅನ್ಯಾಯ. ಇಳಕಲ್ ಸೀರೆಗೂ ಗುಳೇದಗುಡ್ಡದ ಕುಪ್ಪಸದ ಖಣಕ್ಕೂ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ 1985ರ ಕಾಯ್ದೆಯೂ ಇದೆ. ಆದರೂ ಪೇಟೆಯಲ್ಲಿ ಇಳಕಲ್ ಹೆಸರಿನ ವಿದ್ಯುತ್ ಮಗ್ಗದ ಸೀರೆ ತೀರಾ ಕಡಿಮೆ ಬೆಲೆಗೆ ಸಿಗುವಾಗ ಗುರುತಿನ ಚೀಟಿಯೊಂದೇ ನೇಕಾರನ ಕೈ ಹಿಡಿಯುವುದಿಲ್ಲ. ಕೈಮಗ್ಗದ ಸೀರೆಗೆ ಹೆಚ್ಚಿನ ಬೆಲೆ ಕೇಳಬೇಕಾದರೆ ವಿದ್ಯುತ್ ಮಗ್ಗ ಕೊಡಲಾರದ ಏನನ್ನಾದರೂ ಅದು ಕೊಡಬೇಕು. ಅದಕ್ಕೆ ಅತ್ಯಂತ ಹತ್ತಿರದ ದಾರಿ ಬಣ್ಣ ಎಂದು ನಾನು ನಂಬುತ್ತೇನೆ.

ಬಣ್ಣದ ಸಾಮಗ್ರಿ ನಮ್ಮ ಸುತ್ತಲೇ ಬಿದ್ದಿದೆ. ವಿಜಯಪುರ, ಬಾಗಲಕೋಟೆಗಳ ದಾಳಿಂಬೆ ತೋಟಗಳಲ್ಲಿ ಬಿರುಕು ಬಿಟ್ಟು ಮಾರಾಟಕ್ಕೆ ಬಾರದ ಹಣ್ಣು, ಜ್ಯೂಸ್ ಅಂಗಡಿಗಳ ಹಿಂದೆ ರಾಶಿ ಬೀಳುವ ಸಿಪ್ಪೆ, ಹಬ್ಬ ಮುಗಿದ ಮೇಲೆ ಕಸಕ್ಕೆ ಹೋಗುವ ಚೆಂಡು ಹೂ, ಬೇಸಿಗೆಯಲ್ಲಿ ಉದುರುವ ಮುತ್ತುಗದ ಹೂ. ದಾಳಿಂಬೆ ಸಿಪ್ಪೆಯ ಒಗರು ಅಂಶ ಪಟಿಕದ ಜೊತೆ ಸೇರಿದರೆ ಹತ್ತಿಯ ನೂಲಿಗೆ ಹಳದಿ ಹಿಡಿಯುತ್ತದೆ, ಕಬ್ಬಿಣದ ಜೊತೆ ಸೇರಿದರೆ ಬೂದಿಯಿಂದ ಹಿಡಿದು ಕಡು ಹಸಿರು ಛಾಯೆಯ ಕಪ್ಪಿನವರೆಗೆ ಹೋಗುತ್ತದೆ. ಕಪ್ಪು ಬಣ್ಣಕ್ಕೆ ಬೇಕಾದ ಕಬ್ಬಿಣದ ನೀರನ್ನು ತಯಾರಿಸುವುದು ತುಕ್ಕು ಹಿಡಿದ ಮೊಳೆ, ಲಾಳಗಳನ್ನು ಬೆಲ್ಲದ ನೀರಿನಲ್ಲಿ ಎರಡು ಮೂರು ವಾರ ಕೊಳೆಯಲು ಬಿಟ್ಟು. ಮಹಾಲಿಂಗಪುರ, ಮುಧೋಳದ ಸುತ್ತ ಬೆಲ್ಲಕ್ಕೆ ಬರವೆಲ್ಲಿದೆ?

ನೀಲಿಯದು ಇನ್ನೂ ಬೆರಗಿನ ಕತೆ. ನೀಲಿ ಗಿಡದಿಂದ ತೆಗೆದ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ಕಾರ್ಖಾನೆಗಳು ಅದನ್ನು ಕರಗಿಸಲು ಸೋಡಿಯಂ ಹೈಡ್ರೋಸಲ್ಫೈಟ್ ಬಳಸುತ್ತವೆ. ಅದೇ ಕೆಲಸವನ್ನು ಸುಣ್ಣ ಮತ್ತು ಬೆಲ್ಲ ಮಾಡುತ್ತವೆ. ಬಿಸಿ ನೀರು ತುಂಬಿದ ಹರವಿಗೆ ನೆನೆಸಿ ಅರೆದ ನೀಲಿ, ಅರಳಿದ ಸುಣ್ಣ, ಬೆಲ್ಲ ಸೇರಿಸಿ ಗಾಳಿ ಸೇರದಂತೆ ಮೆಲ್ಲಗೆ ತಿರುವಿ ಮುಚ್ಚಿಟ್ಟರೆ, ಬೆಲ್ಲದಲ್ಲಿರುವ ಗ್ಲೂಕೋಸ್, ಫ್ರಕ್ಟೋಸ್‌ಗಳು ಸುಣ್ಣದ ಕ್ಷಾರದಲ್ಲಿ ನೀಲಿಯನ್ನು ಕರಗುವ ರೂಪಕ್ಕೆ ತಿರುಗಿಸುತ್ತವೆ. ಮೇಲೆ ತಾಮ್ರದ ಹೊಳಪಿನ ಕೆನೆ ಕಟ್ಟುತ್ತದೆ, ಕೆಳಗಿನ ದ್ರವ ಹಳದಿ ಮಿಶ್ರಿತ ಹಸಿರಾಗುತ್ತದೆ. ಹದ ಬಂದ ಹರವಿಯಲ್ಲಿ ನೂಲಿನ ಲಡಿಯನ್ನು ಅದ್ದಿ ಎತ್ತಿದರೆ ಅದು ಮೊದಲು ಗಿಳಿ ಹಸಿರು. ಕೈಯಲ್ಲಿ ಹಿಡಿದಿರುವಂತೆಯೇ, ಗಾಳಿ ತಾಗಿದ ಕಡೆಯಿಂದ ನೀಲಿ ಏರುತ್ತ ಹೋಗುತ್ತದೆ. ಕಡು ನೀಲಿ ಬೇಕಾದರೆ ಅದ್ದಿ, ಹಿಂಡಿ, ಗಾಳಿಗೆ ಹಿಡಿದು, ಮತ್ತೆ ಅದ್ದಬೇಕು. ಹರವಿ ಸೋತಾಗ ಅದಕ್ಕೆ ಬೆಲ್ಲ ಬೇಕೋ ಸುಣ್ಣ ಬೇಕೋ ಎಂದು ಬಣ್ಣ, ವಾಸನೆ, ನೊರೆ ನೋಡಿ ಹೇಳಬಲ್ಲವರೇ ಬಣ್ಣಗಾರರು. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಆದರೆ ಕಲೆಯ ಕಣ್ಣು ಇರುವವರಿಗೆ ಬೇಗ ಒಲಿಯುವ ವಿದ್ಯೆ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯನ್ನೂ ಹೇಳಬೇಕು. ಗಿಡದ ಬಣ್ಣ ಎಂದ ಮಾತ್ರಕ್ಕೆ ನಿರಪಾಯ ಅಲ್ಲ. ಬಣ್ಣ ಗಟ್ಟಿಯಾಗಲೆಂದು ತಾಮ್ರದ ಅಥವಾ ಕ್ರೋಮಿಯಂನ ಲವಣ ಹಾಕಿದರೆ ಹೊರಬೀಳುವ ನೀರು ರಾಸಾಯನಿಕ ಬಣ್ಣದ ನೀರಿನಷ್ಟೇ ಕೆಟ್ಟದ್ದು. ಪಟಿಕ, ಹಿತಮಿತವಾಗಿ ಕಬ್ಬಿಣ, ಇವೆರಡರಲ್ಲೇ ಕೆಲಸ ಮುಗಿಸಬೇಕು. ಕಬ್ಬಿಣ ಹೆಚ್ಚಾದರೆ ಹತ್ತಿಯ ಎಳೆ ಕೆಲವೇ ವರ್ಷಗಳಲ್ಲಿ ಜೀರ್ಣವಾಗುತ್ತದೆ. ಒಂದು ಕಿಲೋ ನೂಲಿಗೆ ರಾಸಾಯನಿಕ ಬಣ್ಣ ಹತ್ತಾರು ಗ್ರಾಂಗಳಲ್ಲಿ ಸಾಕಾದರೆ ಸಿಪ್ಪೆ, ಬೇರು, ಹೂಗಳು ಅರ್ಧ ಕಿಲೋದಿಂದ ಒಂದು ಕಿಲೋವರೆಗೆ ಬೇಕು. ಅಷ್ಟನ್ನು ಕುದಿಸಲು ಉರುವಲು ಬೇಕು, ತೊಳೆಯಲು ನೀರು ಬೇಕು. ಬರದ ಜಿಲ್ಲೆಯಲ್ಲಿ ಕುಳಿತು ನೀರಿನ ಲೆಕ್ಕ ಇಡದವರು ತಮ್ಮ ಬಟ್ಟೆಯನ್ನು ಹಸಿರು ಎಂದು ಮಾರಬಾರದು. ಒಂದೇ ನೀರಿನಲ್ಲಿ ಮೊದಲು ಗಾಢ, ಆಮೇಲೆ ತಿಳಿ ಛಾಯೆ ತೆಗೆಯುವುದು, ಬಿಸಿಲಿನ ಶಾಖದಲ್ಲಿ ನೀರು ಕಾಯಿಸುವುದು, ಕುದಿಸಿದ ಸಿಪ್ಪೆಯನ್ನು ಗೊಬ್ಬರಕ್ಕೆ ಹಾಕುವುದು ಬಣ್ಣಗಾರರ ಕೆಲಸದ ಭಾಗವೇ ಆಗಬೇಕು.

ಇಲ್ಲಿ ಯಾವ ಉದ್ಯೋಗ ಇದೆ? ಇಳಕಲ್, ಗುಳೇದಗುಡ್ಡಗಳಲ್ಲಿ ನೇಯುವವರು ಇದ್ದಾರೆ. ಬೆಂಗಳೂರು, ಮುಂಬೈಗಳಲ್ಲಿ ನೈಸರ್ಗಿಕ ಬಣ್ಣದ ಬಟ್ಟೆಗೆ ಹೆಚ್ಚು ಬೆಲೆ ಕೊಡುವವರೂ ಇದ್ದಾರೆ. ನಡುವೆ, ಒಂದೇ ಛಾಯೆಯನ್ನು ಆರು ತಿಂಗಳ ನಂತರವೂ ಮತ್ತೆ ತೆಗೆದು ಕೊಡಬಲ್ಲ ಬಣ್ಣದ ಮನೆ ಬೇಕು. ಅದಕ್ಕೆ ಛಾಯೆಯ ಪಟ್ಟಿ ಮಾಡಿಡಬೇಕು, ಪ್ರತಿಯೊಂದರ ಪಕ್ಕ ಸಿಪ್ಪೆ ಎಷ್ಟು, ಪಟಿಕ ಎಷ್ಟು, ಎಷ್ಟು ಹೊತ್ತು ಎಂದು ಬರೆದಿಡಬೇಕು. ಬಿಸಿಲಿಗೆ, ಒಗೆತಕ್ಕೆ, ಉಜ್ಜುವಿಕೆಗೆ ಬಣ್ಣ ಎಷ್ಟು ನಿಲ್ಲುತ್ತದೆ ಎಂದು ಪರೀಕ್ಷಿಸಬೇಕು. ಚಿತ್ರಕಲೆ ಓದಿದ ಒಬ್ಬರು, ರಸಾಯನಶಾಸ್ತ್ರ ಓದಿದ ಒಬ್ಬರು, ನೇಕಾರ ಮನೆತನದ ಒಬ್ಬರು ಸೇರಿದರೆ ಈ ಮನೆ ಕಟ್ಟಬಹುದು. ಖಣದ ತೇರು, ಸೂರ್ಯನಾರಾಯಣ, ತುಳಸಿ ಪಾನದ ವಿನ್ಯಾಸಗಳನ್ನು ಕುಪ್ಪಸದಾಚೆಗೆ ಚೀಲ, ಪರದೆ, ಪುಸ್ತಕದ ಹೊದಿಕೆಗಳಿಗೆ ಒಯ್ಯುವ ಪ್ರಯತ್ನ ಈಗಾಗಲೇ ನಡೆದಿದೆ. ಆ ವಸ್ತುಗಳ ಬಣ್ಣವೂ ಇಲ್ಲಿಯದೇ ಆದರೆ ಬೆಲೆಯಲ್ಲಿ ನೇಕಾರನ ಪಾಲು ಹೆಚ್ಚಿಸಲು ಜಾಗ ಸಿಗುತ್ತದೆ.

ನೂಲಿನ ವಿಷಯದಲ್ಲಿ ಒಂದೆರಡು ಮಾತು. ಈ ಕಪ್ಪು ನೆಲದಲ್ಲಿ ಮಳೆಯನ್ನಷ್ಟೇ ನಂಬಿ ಬೆಳೆಯುತ್ತಿದ್ದ ಜಯಧರ ಹತ್ತಿಯನ್ನು ಬಿಟಿ ಹತ್ತಿ ಮೂಲೆಗೆ ತಳ್ಳಿತು. ದಖ್ಖನಿ ಕುರಿಯ ಒರಟು ಉಣ್ಣೆಗೆ ಬಣ್ಣವೇ ಬೇಡ, ಅದು ಹುಟ್ಟಿನಿಂದಲೇ ಕಪ್ಪು, ಕಂದು, ಬೂದಿ. ಹುಣಸೆ ಬೀಜದ ಗಂಜಿ ಹಾಕಿ ನೇಯುವ ಕಂಬಳಿಗೆ ಗಿರಾಕಿ ಕಡಿಮೆಯಾದಂತೆ ಕುರಿಗಾರರಿಗೆ ಉಣ್ಣೆ ಕತ್ತರಿಸುವ ಕೂಲಿಯೂ ಹುಟ್ಟುತ್ತಿಲ್ಲ, ಎಷ್ಟೋ ಕಡೆ ಅದನ್ನು ಎಸೆಯುತ್ತಾರೆ. ನೆಲಹಾಸು, ಗೋಡೆಯ ಹೊದಿಕೆ, ಗಿಡ ಬೆಳೆಸುವ ಕುಂಡ ಇವಕ್ಕೆಲ್ಲ ಒರಟು ಉಣ್ಣೆ ಚೆನ್ನಾಗಿ ಒದಗುತ್ತದೆ. ವಿನ್ಯಾಸ ಬಲ್ಲವರು ಇದರತ್ತ ಕಣ್ಣು ಹಾಯಿಸಬೇಕು.

ಸರ್ಕಾರದ ಒಂದು ಆದೇಶ ಇಂಥ ದುಡಿಮೆಯನ್ನು ಹೇಗೆ ಅಲುಗಾಡಿಸುತ್ತದೆ ಎಂಬುದಕ್ಕೆ ಬಾಗಲಕೋಟೆ ತಾಲ್ಲೂಕಿನ ತುಳಸಿಗೇರಿಯನ್ನು ನೋಡಬೇಕು. ಅಲ್ಲಿನ ಖಾದಿ ಕೇಂದ್ರದಲ್ಲಿ ನೇಯ್ದ ಬಟ್ಟೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜವಾಗುತ್ತದೆ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಯಂತ್ರದಲ್ಲಿ ತಯಾರಾದ, ಪಾಲಿಯೆಸ್ಟರ್ ಧ್ವಜಕ್ಕೂ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ಮರು ವರ್ಷವೇ ಮನೆ ಮನೆಯಲ್ಲಿ ಧ್ವಜ ಹಾರಿಸುವ ಅಭಿಯಾನ ನಡೆಯಿತು. ಖಾದಿಗೆ ಸುಗ್ಗಿಯಾಗಬೇಕಿದ್ದ ಹೊತ್ತಿನಲ್ಲಿ ಕಸವಾಗಿ ಉಳಿಯುವ ಬಟ್ಟೆ ಪೇಟೆ ತುಂಬಿತು. ನೂಲುವವರು, ನೇಯುವವರು ಕೌಶಲದಲ್ಲಿ ಎಲ್ಲಿಯೂ ಸೋತಿರಲಿಲ್ಲ. ಅವರನ್ನು ಸೋಲಿಸಿದ್ದು ನಿಯಮ.

ಇದರ ತದ್ವಿರುದ್ಧ ಉದಾಹರಣೆ ಬೋರ್ಡು ಬರೆಯುವ ಕಲಾವಿದರದು. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸ್, ಬ್ಯಾನರ್, ಬಂಟಿಂಗ್‌ಗಳೂ ಸೇರಿವೆ. ಕಾನೂನು ಕುಂಚದ ಪರವಾಗಿದೆ. ಆದರೂ ಯಾವ ಊರಿನ ವೃತ್ತದಲ್ಲಿ ನಿಂತರೂ ತಲೆಯ ಮೇಲೆ ಪಿವಿಸಿ ಹಾಳೆಗಳೇ ತೂಗಾಡುತ್ತವೆ. ಬಟ್ಟೆಯ ಮೇಲೆ ಅಂದವಾದ ಕನ್ನಡ ಅಕ್ಷರ ಬರೆಯುತ್ತಿದ್ದವರು ಗೋಡೆಗೆ ಸುಣ್ಣ ಬಳಿಯುವ ಕೆಲಸಕ್ಕೆ ಇಳಿದಿದ್ದಾರೆ. ನಗರಸಭೆಗಳು ಫ್ಲೆಕ್ಸ್ ಕಿತ್ತುಹಾಕುವ ಜೊತೆಗೆ ತಮ್ಮದೇ ಪ್ರಕಟಣೆಗಳನ್ನು, ಜಾತ್ರೆ ಉತ್ಸವಗಳ ಫಲಕಗಳನ್ನು ಬಟ್ಟೆಯ ಮೇಲೆ ಬರೆಸಿದರೆ ಸಾಕು, ಪ್ರತಿ ತಾಲ್ಲೂಕಿನಲ್ಲಿ ಹಲವು ಕುಟುಂಬಗಳಿಗೆ ವರ್ಷವಿಡೀ ಕೆಲಸ. ಹೊಸ ಯೋಜನೆ, ಹೊಸ ಅನುದಾನ ಯಾವುದೂ ಬೇಡ.

ಇನ್ನು ವಿಜಯಪುರಕ್ಕೆ ಬರೋಣ. ಆ ನಗರ ನಿಂತಿರುವುದು ಗಚ್ಚಿನ ಮೇಲೆ. ಗೋಳಗುಮ್ಮಟದ ಗುಮ್ಮಟ, ಇಬ್ರಾಹಿಂ ರೋಜಾದ ಕಟ್ಟಡ, ತಾಜ್ ಬಾವಡಿ ಎಂಬ ಮೆಟ್ಟಿಲ ಬಾವಿಯ ಗೋಡೆ ಎಲ್ಲದರಲ್ಲೂ ಸುಣ್ಣದ ಗಾರೆ ಇದೆ. ಹಳೆಯ ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಿದರೆ ಗೋಡೆಯ ತೇವ ಹೊರಬರಲಾಗದೆ ಒಳಗೇ ಉಳಿಯುತ್ತದೆ, ಉಪ್ಪು ಹರಳುಗಟ್ಟಿ ಕಲ್ಲನ್ನೇ ಸಿಪ್ಪೆಯಂತೆ ಕಳಚುತ್ತದೆ. ಹಾಗಾಗಿ ದುರಸ್ತಿ ಸುಣ್ಣದಲ್ಲೇ ಆಗಬೇಕು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ ವಾರಗಟ್ಟಲೆ ನೆನೆಯಲು ಬಿಟ್ಟು, ಮರಳು ಇಟ್ಟಿಗೆ ಪುಡಿ ಸೇರಿಸಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಹಾಕಿ ಹದ ಮಾಡುವುದು ದಖ್ಖನ್ನಿನ ಹಳೆಯ ಪದ್ಧತಿ. ಬಣ್ಣದ ಹರವಿಗೆ ಬೇಕಾದ ಅದೇ ಬೆಲ್ಲ, ಅದೇ ಸುಣ್ಣ ಇಲ್ಲಿಯೂ ಒದಗುವುದು ನನಗೆ ಆಕಸ್ಮಿಕ ಎನಿಸುವುದಿಲ್ಲ. ಕೈಗೆ ಸಿಗುವ ಪದಾರ್ಥಗಳ ಗುಣ ಅರಿತವರು ಅವನ್ನು ಎಲ್ಲ ಕಸುಬಿಗೂ ಬಳಸಿಕೊಂಡರು.

ಜಗತ್ತು ಹೊರಸೂಸುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ 8ರಷ್ಟು ಸಿಮೆಂಟ್ ತಯಾರಿಕೆಯದು. ಸುಣ್ಣ ಸುಡುವಾಗಲೂ ಇಂಗಾಲ ಹೊರಬೀಳುತ್ತದೆ. ಆದರೆ ಗಾರೆ ಗಟ್ಟಿಯಾಗುತ್ತ ಅದರ ಗಣನೀಯ ಭಾಗವನ್ನು ಗಾಳಿಯಿಂದ ಮರಳಿ ಹೀರಿಕೊಳ್ಳುತ್ತದೆ, ಸುಡಲು ಬೇಕಾದ ತಾಪಮಾನವೂ ಕಡಿಮೆ. ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಮಣ್ಣಿನ ಗೋಡೆಯ, ಮಣ್ಣಿನ ಮಾಳಿಗೆಯ ಮೇಲ್ಮುದ್ದೆ ಮನೆಯೊಳಗೆ ಕುಳಿತವರಿಗೆ ಸಿಮೆಂಟ್ ತಗಡಿನ ಮನೆಯ ವ್ಯತ್ಯಾಸ ಯಾರೂ ವಿವರಿಸಬೇಕಿಲ್ಲ. ಸ್ಮಾರಕಗಳ ರಕ್ಷಣೆಗೆ ದುಡಿಯುವ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2020ರ ತನ್ನ ನಿಗಾ ಪಟ್ಟಿಯಲ್ಲಿ ದಖ್ಖನ್ ಪ್ರಸ್ಥಭೂಮಿಯ ಚಾರಿತ್ರಿಕ ನೀರಿನ ವ್ಯವಸ್ಥೆಗಳನ್ನು ಸೇರಿಸಿತ್ತು. ವಿಜಯಪುರದ ಬಾವಡಿ, ಸುರಂಗಗಳ ಮಹತ್ವ ಹೊರಗಿನವರಿಗೂ ತಿಳಿದಿದೆ. ಗಚ್ಚಿನ ಹೂಬಳ್ಳಿ ಕೆತ್ತುವವರು, ಕಟ್ಟಡದ ಪ್ರತಿ ಬಿರುಕನ್ನು ಅಳೆದು ಚಿತ್ರ ಬರೆಯುವವರು, ಬಾವಡಿಯ ನೀರಿನ ದಾರಿಯನ್ನು ನಕ್ಷೆಯಾಗಿಸುವವರು ಇಲ್ಲಿ ಬೇಕು. ಚಿತ್ರಕಲಾ ಪದವೀಧರರಿಗೆ ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಎಲ್ಲಿದೆ?

ಕಬ್ಬಿನ ಸಿಪ್ಪೆಯ ತಟ್ಟೆ, ಲೋಟಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಅರೆದ ಕಬ್ಬಿನ ತೂಕದಲ್ಲಿ ಸುಮಾರು ಶೇ 30ರಷ್ಟು ಸಿಪ್ಪೆ ಉಳಿಯುತ್ತದೆ, ಬೆಳಗಾವಿ ಜಿಲ್ಲೆಯೊಂದರಲ್ಲೇ ಎರಡು ಡಜನ್‌ಗೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ. ಆದರೆ ಕಾರ್ಖಾನೆಗಳು ಅದನ್ನು ಉರಿಸಿ ವಿದ್ಯುತ್ ಮಾಡುತ್ತವೆ, ತಟ್ಟೆ ಒತ್ತುವ ಯಂತ್ರಕ್ಕೆ ದೊಡ್ಡ ಬಂಡವಾಳ ಬೇಕು. ಅಲ್ಲಿ ಉದ್ಯಮಿಗಳಿಗೆ ಅವಕಾಶವಿದೆ, ಕಲಾವಿದರಿಗೆ ಅಷ್ಟಿಲ್ಲ.

ಕಲಾವಿದರಿಗೆ, ಅದರಲ್ಲೂ ಕ್ಯಾಮೆರಾ, ಬರವಣಿಗೆ, ರೇಖಾಚಿತ್ರ ಬಲ್ಲವರಿಗೆ ಹೊಸದಾಗಿ ತೆರೆದಿರುವ ಬಾಗಿಲು ಬೇರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಹಸಿರು ಹೆಸರಿನ ಸುಳ್ಳು ಪ್ರಚಾರ ತಡೆಯುವ ಮಾರ್ಗಸೂಚಿ ಹೊರಡಿಸಿತು. ನೈಸರ್ಗಿಕ, ಪರಿಸರಸ್ನೇಹಿ ಎಂದು ಹೇಳಿಕೊಳ್ಳುವವರು ಅದಕ್ಕೆ ಆಧಾರ ತೋರಿಸಬೇಕು. ದೊಡ್ಡ ಕಂಪನಿಗಳಿಗೆ ಇದನ್ನು ಮಾಡಿಕೊಡಲು ಜನ ಸಿಗುತ್ತಾರೆ. ಇಳಕಲ್‌ನ ಸಣ್ಣ ಸಹಕಾರಿ ಸಂಘಕ್ಕೆ, ಖಾನಾಪುರದ ಕುಂಬಾರರ ಗುಂಪಿಗೆ ಯಾರು ಮಾಡಿಕೊಡಬೇಕು? ನೂಲು ಎಲ್ಲಿಯದು, ಬಣ್ಣ ಯಾವುದು, ನೇಯ್ದವರಿಗೆ ಎಷ್ಟು ಕೂಲಿ ಸಂದಿದೆ ಎಂದು ಪ್ರಾಮಾಣಿಕವಾಗಿ ದಾಖಲಿಸಿ, ಗಿರಾಕಿಗೆ ಅರ್ಥವಾಗುವಂತೆ ಹೇಳಿಕೊಡುವವರು ಈ ಭಾಗದಲ್ಲಿ ಬಹಳ ಕಡಿಮೆ.

ಸಂಪಾದನೆಯ ಮಾತು ಮುಚ್ಚಿಡಬಾರದು. ಇವುಗಳಲ್ಲಿ ಯಾವುದನ್ನೂ ನಂಬಿ ಮೊದಲ ವರ್ಷವೇ ಮನೆ ನಡೆಸಲಾಗದು. ವಾರದಲ್ಲಿ ಕೆಲವು ದಿನ ಬೇರೆ ದುಡಿಮೆ ಇಟ್ಟುಕೊಂಡೇ ಕೈ ಪಳಗಿಸಿಕೊಳ್ಳಬೇಕು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಕುಂಬಾರರು, ಶಿಲ್ಪಿಗಳು, ಗೊಂಬೆ ಮಾಡುವವರು, ಗಾರೆ ಕೆಲಸದವರು, ಬುಟ್ಟಿ ಹೆಣೆಯುವವರು, ದರ್ಜಿಗಳು ಸೇರಿ 18 ಕಸುಬಿನವರಿಗೆ ತರಬೇತಿ ಕಾಲದಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಎರಡು ಕಂತುಗಳ ಸಾಲ ಇದೆ. ಬಣ್ಣಗಾರರ ಹೆಸರು ಆ ಹದಿನೆಂಟರಲ್ಲಿ ಇಲ್ಲ. ಜವಳಿಯ ಸರಪಳಿಯಲ್ಲಿ ಪರಿಸರಕ್ಕೆ ದೊಡ್ಡ ಪೆಟ್ಟು ಕೊಡುವ ಹಂತವನ್ನು ಸರಿಪಡಿಸಬಲ್ಲ ಕಸುಬಿಗೇ ಜಾಗ ಕೊಡದಿರುವುದು ದೊಡ್ಡ ಲೋಪ. ಸಂಸದರು, ನೇಕಾರರ ಸಂಘಗಳು ಇದನ್ನು ಕೇಳಬೇಕು.

ಕೊನೆಯದಾಗಿ ಮಣ್ಣು, ಯಾಕೆಂದರೆ ಇಲ್ಲಿ ಗಡುವು ಇದೆ. ಬೆಳಗಾವಿಯ ಸಾರ್ವಜನಿಕ ಗಣೇಶೋತ್ಸವಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳು ಬೇಡ ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮೇ ತಿಂಗಳ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ನೀರು ತಾಗಿ ಗಟ್ಟಿಯಾದ ಆ ಪ್ಲಾಸ್ಟರ್ ಜಿಪ್ಸಂ ಆಗಿಬಿಡುತ್ತದೆ. ಒಂದು ಲೀಟರ್ ನೀರಿನಲ್ಲಿ ಕರಗುವುದು ಎರಡು ಗ್ರಾಂ ಆಸುಪಾಸು ಮಾತ್ರ. ಇತ್ತ ಖಾನಾಪುರದಲ್ಲಿ ಹೆಸರಾಂತ ಮಣ್ಣಿದೆ, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇದೆ, ಸುತ್ತಲಿನ ಊರುಗಳಲ್ಲಿ ಭತ್ತದ ಹುಲ್ಲು ಇದೆ, ಬಿದಿರು ಹೆಣೆಯುವ ಮೇದಾರರಿದ್ದಾರೆ. ಬಂಗಾಳದಲ್ಲಿ ಆಳೆತ್ತರದ ದುರ್ಗೆಯ ಮೂರ್ತಿಗಳನ್ನು ಬಿದಿರು, ಹುಲ್ಲಿನ ಚೌಕಟ್ಟಿನ ಮೇಲೆ ಮಣ್ಣು ಮೆತ್ತಿಯೇ ಮಾಡುತ್ತಾರೆ. ಮಣ್ಣಿನಲ್ಲಿ ದೊಡ್ಡ ಮೂರ್ತಿ ಆಗದು ಎಂಬ ಮಾತಿಗೆ ಅರ್ಥವಿಲ್ಲ.

ನಿಜವಾದ ತೊಡಕು ಮಳೆ. ಮೂರ್ತಿಗಳಿಗೆ ಬೇಡಿಕೆ ಬರುವುದು ಜೂನ್ ನಂತರ. ಬೆಳಗಾವಿ, ಖಾನಾಪುರದ ಕಡೆ ಆಗ ಜಡಿಮಳೆ. ಮಣ್ಣು ಒಣಗುವುದಿಲ್ಲ, ಅವಸರಕ್ಕೆ ಬೆಂಕಿಯ ಬಿಸಿ ಕೊಟ್ಟರೆ ಬಿರುಕು ಬಿಡುತ್ತದೆ. ಕೆಲವೇ ದಿನಗಳಲ್ಲಿ ಒಣಗುವ ಪ್ಲಾಸ್ಟರ್ ಗೆಲ್ಲುವುದು ಇಲ್ಲಿಯೇ. ಗಣೇಶ ಮಂಡಳಗಳು ವರ್ಗಣಿ, ಅಂದರೆ ಚಂದಾ, ಎತ್ತುವವರೆಗೆ ಕಾಯದೆ, ಹಿಂದಿನ ವರ್ಷದ ಉಳಿಕೆಯಿಂದ ಜನವರಿ ಫೆಬ್ರುವರಿಯಲ್ಲೇ ಮೂರ್ತಿಕಾರರಿಗೆ ಅರ್ಧ ಹಣ ಮುಂಗಡ ಕೊಟ್ಟರೆ ಮೇ ಮುಗಿಯುವುದರೊಳಗೆ ಮಣ್ಣಿನ ಕೆಲಸ ಮುಗಿದು ಬಿಸಿಲಿನಲ್ಲಿ ಒಣಗಿರುತ್ತದೆ. ಮಳೆಗಾಲದಲ್ಲಿ ಒಳಗೆ ಕುಳಿತು ಬಣ್ಣ ಮಾಡಬಹುದು, ಅದೂ ಅರಿಸಿನ, ಕೆಮ್ಮಣ್ಣು, ಸುಣ್ಣದಂಥ ನೀರಿನ ಬಣ್ಣಗಳಲ್ಲಿ. ಒಂದು ತಿಂಗಳ ಅವಸರದ ಕೂಲಿ ಎಂಟು ತಿಂಗಳ ದುಡಿಮೆಯಾಗುತ್ತದೆ. ಪಾಲಿಕೆಯವರು ಮಂಡಳಗಳ ಸಭೆ ಕರೆಯುವುದು ಸಾಮಾನ್ಯವಾಗಿ ಹಬ್ಬದ ಮುಂಚಿನ ವಾರಗಳಲ್ಲಿ. ಮುಂದಿನ ಸಭೆಯನ್ನು ಸಂಕ್ರಾಂತಿಯ ಹೊತ್ತಿಗೆ ಕರೆಯಲಿ, ಮೂರ್ತಿಕಾರರನ್ನೂ ಕೂರಿಸಿಕೊಳ್ಳಲಿ, ಮುಂಗಡ ಕೊಟ್ಟ ರಸೀದಿ ತೋರಿಸಿದ ಮಂಡಳಕ್ಕೆ ಪೆಂಡಾಲಿನ ಅನುಮತಿಯಲ್ಲಿ ಮೊದಲ ಸಾಲು ಕೊಡಲಿ.